ಗೋಖಲೆಯವರ ದಣಿವು

ಗೋಪಾಲಕೃಷ್ಣ ಗೋಖಲೆಯವರ ಹೆಸರನ್ನೆತ್ತಿದರೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಒಂದೇ ಸಂಗತಿ: ಅವರು ಗಾಂಧೀಜಿಯವರ ರಾಜಕೀಯ ಗುರುಗಳು. ಸ್ವಲ್ಪ ಹೆಚ್ಚು ಓದಿಕೊಂಡವರು ಡಿ.ವಿ.ಜಿ.ಯವರು ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದುದನ್ನೂ, 1945ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದುದನ್ನೂ ಹೇಳಿಯಾರು. ಆದರೆ ಗೋಖಲೆಯವರು ತೀರಿಕೊಂಡಾಗ ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲವೆಂದರೆ ಅನೇಕರು ಬೆರಗಾಗುತ್ತಾರೆ. ಪೇಟ, ಕನ್ನಡಕ, ಉತ್ತರೀಯಗಳಿಂದ ಕೂಡಿದ ಆ ಗಂಭೀರ ಭಾವಚಿತ್ರವನ್ನು ಕಂಡು ಅವರನ್ನು ವಯೋವೃದ್ಧರೆಂದೇ ನಾವು ಭಾವಿಸಿಬಿಟ್ಟಿದ್ದೇವೆ. 1866ರ ಮೇ 9ರಂದು ಹುಟ್ಟಿ 1915ರ ಫೆಬ್ರವರಿ 19ರಂದು ಕಣ್ಮುಚ್ಚಿದ ಆ ಮಹನೀಯರು ಬದುಕಿದ್ದು 48 ವರ್ಷ ಮಾತ್ರ. ಅವರ ರಾಜಕೀಯವನ್ನು ಕುರಿತು ಬರೆದವರು ಬಹಳ ಮಂದಿ ಇದ್ದಾರೆ. ನಾನು ಇಲ್ಲಿ ಹೇಳಹೊರಟಿರುವುದು ಅವರ ದಣಿವಿನ ಕಥೆಯನ್ನು.

ರತ್ನಗಿರಿ ಜಿಲ್ಲೆಯ ಕೋತಳೂಕ ಅವರ ಹುಟ್ಟೂರು. ತಂದೆ ಕೃಷ್ಣರಾಯರು ಕಾಗಲಿನಲ್ಲಿ ಸಣ್ಣ ನೌಕರಿಯಲ್ಲಿದ್ದರು. ನಮ್ಮ ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಹೋಗುವ ದಾರಿಯಲ್ಲಿಯೇ ಆ ಊರಿದೆ. ಗೋಪಾಲನಿಗೆ ಹದಿಮೂರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅಣ್ಣ ಗೋವಿಂದರಾಯರು ಓದು ಬಿಟ್ಟು ತಿಂಗಳಿಗೆ 15 ರೂಪಾಯಿಯ ಕೆಲಸಕ್ಕೆ ಸೇರಿ, ಅದರಲ್ಲಿ 8 ರೂಪಾಯಿಯನ್ನು ತಮ್ಮನ ವಿದ್ಯಾಭ್ಯಾಸಕ್ಕೆ ಕಳುಹಿಸತೊಡಗಿದರು. ಉಳಿದ ಏಳು ರೂಪಾಯಿಯಲ್ಲಿ ಸಂಸಾರ ನಡೆಯಬೇಕು. ಈ ಎಂಟು ರೂಪಾಯಿಯ ಲೆಕ್ಕವನ್ನು ಮರೆತರೆ ಗೋಖಲೆಯವರ ಮುಂದಿನ ಜೀವನ ಅರ್ಥವಾಗುವುದಿಲ್ಲವೆಂದು ನನಗೆ ತೋರುತ್ತದೆ. ತನ್ನ ಪಾಲಿನ ಅನ್ನ ಇನ್ನೊಬ್ಬರ ತಟ್ಟೆಯಿಂದ ಬಂದದ್ದೆಂದು ಬಾಲ್ಯದಲ್ಲಿಯೇ ಅರಿತವನಿಗೆ ವಿಶ್ರಾಂತಿಯೆನ್ನುವುದು ಕದ್ದ ವಸ್ತುವಿನಂತೆ ಕಂಡರೆ ಆಶ್ಚರ್ಯವೇನು? ಆ ಸಾಲವನ್ನು ಅವರು ಅಣ್ಣನಿಗೆ ತೀರಿಸಿದರು. ಆಮೇಲೆ ದೇಶಕ್ಕೆ ತೀರಿಸುತ್ತಲೇ ಹೋದರು.

1884ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಪದವಿ ಪಡೆದ ಗೋಖಲೆಯವರು ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ಉಪಾಧ್ಯಾಯರಾದರು. ಬಳಿಕ ಡೆಕ್ಕನ್ ಎಜುಕೇಷನ್ ಸೊಸೈಟಿಯ ಆಜೀವ ಸದಸ್ಯರಾಗಿ ಫರ್ಗ್ಯುಸನ್ ಕಾಲೇಜಿಗೆ ಬಂದರು. ತಿಂಗಳಿಗೆ 75 ರೂಪಾಯಿ ಸಂಬಳದ ಮೇಲೆ ಇಪ್ಪತ್ತು ವರ್ಷ ದುಡಿಯುವ ಪ್ರತಿಜ್ಞೆ ಅದು. ಗಣಿತ, ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರ, ಯಾವುದಕ್ಕೆ ಜನವಿಲ್ಲವೋ ಆ ಪಾಠವನ್ನು ಹೇಳಲು ಅವರು ಸಿದ್ಧ. ಅವರು ಬರೆದ ಅಂಕಗಣಿತದ ಪಠ್ಯಪುಸ್ತಕ ಬಹುಕಾಲ ಶಾಲೆಗಳಲ್ಲಿ ನಡೆಯಿತು. ರಜೆ ಬಂದರೆ ಕಾಲೇಜಿನ ಕಟ್ಟಡಕ್ಕಾಗಿ ಊರೂರು ತಿರುಗಿ ಚಂದಾ ಎತ್ತುತ್ತಿದ್ದರು. ಇದರ ಮೇಲೆ ಆಗರಕರರ ಸುಧಾರಕ ಪತ್ರಿಕೆಯ ಇಂಗ್ಲಿಷ್ ಭಾಗದ ಬರವಣಿಗೆ, ಸಾರ್ವಜನಿಕ ಸಭೆಯ ಕಾರ್ಯದರ್ಶಿತ್ವ, ಅದರ ತ್ರೈಮಾಸಿಕದ ಸಂಪಾದಕತ್ವ, 1895ರಲ್ಲಿ ಪುಣೆಯಲ್ಲಿ ನೆರೆದ ಕಾಂಗ್ರೆಸ್ಸಿನ ಕೆಲಸ. ಇಷ್ಟೂ ಮೂವತ್ತು ವಯಸ್ಸಿನೊಳಗೆ! ಬೋಧನೆಯ ವೃತ್ತಿಯಲ್ಲಿರುವ ನನಗೆ ಈ ಪಟ್ಟಿಯನ್ನು ಓದುವಾಗ ಮೆಚ್ಚುಗೆಗಿಂತ ಮೊದಲು ಭಯವಾಗುತ್ತದೆ. ಎಲ್ಲದಕ್ಕೂ ಒಪ್ಪಿಕೊಳ್ಳುವ ಒಬ್ಬ ಮೇಷ್ಟ್ರು ಪ್ರತಿಯೊಂದು ಕಾಲೇಜಿನಲ್ಲಿಯೂ ಇರುತ್ತಾರೆ. ಅವರು ಒಪ್ಪಿಕೊಳ್ಳುತ್ತಾರೆಂಬ ಕಾರಣಕ್ಕೇ ಎಲ್ಲವೂ ಅವರ ಮೇಜಿಗೆ ಬರುತ್ತದೆ.

ಎಚ್ಚರಿಕೆಗಳು ಕಣ್ಣೆದುರಿಗೇ ಇದ್ದವು. ಗೆಳೆಯರೂ ಕಾಲೇಜಿನ ಪ್ರಾಂಶುಪಾಲರೂ ಆಗಿದ್ದ ಗೋಪಾಲ ಗಣೇಶ ಆಗರಕರರು 1895ರ ಜೂನಿನಲ್ಲಿ 38ನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಗುರುಗಳಾದ ಮಹಾದೇವ ಗೋವಿಂದ ರಾನಡೆಯವರು 1901ರಲ್ಲಿ, ಇನ್ನೂ ಅರವತ್ತು ಮುಟ್ಟುವ ಮುನ್ನ ಹೋದರು. ಇಂಥ ಸಾವುಗಳಿಂದ ಗೋಖಲೆಯವರು ಕಲಿತದ್ದೇನು? ತಾವು ನಿಧಾನಿಸಬೇಕೆಂದಲ್ಲ; ಹೋದವರ ಹೊರೆಯನ್ನು ತಾವು ಹೊರಬೇಕೆಂದು. ಮುಂದಾಳುಗಳ ದಣಿವಿನಲ್ಲಿ ಇದೊಂದು ವಿಚಿತ್ರ. ಕೂಲಿಯವನು ದಣಿದರೆ ಹೊರೆ ಇಳಿಸುತ್ತಾನೆ. ಮುಂದಾಳು ದಣಿದರೆ ತನ್ನ ನಿಷ್ಠೆಯಲ್ಲಿ ಕೊರತೆಯಿದೆಯೆಂದು ಬಗೆದು ಇನ್ನೊಂದು ಹೊರೆಯನ್ನೆತ್ತಿಕೊಳ್ಳುತ್ತಾನೆ.

1897ರ ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಭಾರತದ ಆಯವ್ಯಯವನ್ನು ವಿಚಾರಿಸುತ್ತಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನುಡಿಯಲು ಅವರು ಇಂಗ್ಲೆಂಡಿಗೆ ಹೊರಟರು. ದಾರಿಯಲ್ಲಿ ಫ್ರಾನ್ಸಿನ ಕ್ಯಾಲೆಯಲ್ಲಿ ಬಿದ್ದು ಎದೆಗೆ ಪೆಟ್ಟಾಯಿತು. ಜೊತೆಗಿದ್ದವರಿಗೆ ತೊಂದರೆಯಾಗಬಾರದೆಂದು ಅವರು ಅದನ್ನು ಬಾಯಿಬಿಡಲಿಲ್ಲ. ಲಂಡನ್ನು ಸೇರಿದ ಮೇಲೆ ನೋವು ತಡೆಯಲಾರದಾದಾಗಲೇ ವೈದ್ಯರು ಬಂದದ್ದು. ಹಾಸಿಗೆ ಹಿಡಿದು ಮಲಗಬೇಕಾಯಿತು. ಅಷ್ಟಾದರೂ ಆಯೋಗದ ಮುಂದೆ ಅವರು ನುಡಿದ ಸಾಕ್ಷ್ಯ ನುರಿತವರನ್ನೂ ಬೆರಗುಗೊಳಿಸಿತು. ದೇಹ ಕೊಟ್ಟ ಮೊದಲ ಸೂಚನೆಯನ್ನು ಸೌಜನ್ಯದ ಕಾರಣಕ್ಕಾಗಿ ಮುಚ್ಚಿಟ್ಟ ಈ ಪ್ರಸಂಗ ಅವರ ಮುಂದಿನ ಹದಿನೆಂಟು ವರ್ಷಗಳ ಮುನ್ನುಡಿಯಂತಿದೆ.

ಅದೇ ವರ್ಷ ಪುಣೆಯಲ್ಲಿ ಪ್ಲೇಗು. ರೋಗಿಗಳನ್ನು ಹುಡುಕಲು ಮನೆಮನೆಗೆ ನುಗ್ಗುತ್ತಿದ್ದ ಸೈನಿಕರು ಸ್ತ್ರೀಯರ ಮೇಲೆ ಅತ್ಯಾಚಾರವೆಸಗಿದರೆಂದು ಊರಿನಿಂದ ಗೋಖಲೆಯವರಿಗೆ ಪತ್ರಗಳು ಬಂದವು. ಅವರು ನಂಬಿದರು, ಇಂಗ್ಲೆಂಡಿನ ಪತ್ರಿಕೆಯ ಮೂಲಕ ಆ ಆಪಾದನೆಯನ್ನು ಬಹಿರಂಗಪಡಿಸಿದರು. ಸ್ವದೇಶಕ್ಕೆ ಮರಳಿ ಸಾಕ್ಷ್ಯ ಕೇಳಿದರೆ, ಬರೆದವರಾರೂ ಮುಂದೆ ಬಂದು ನಿಲ್ಲಲು ಒಪ್ಪಲಿಲ್ಲ. ಬರೆದವರ ಹೆಸರನ್ನು ಗೋಖಲೆಯವರು ಬಯಲು ಮಾಡಲಿಲ್ಲ. ತಾವೊಬ್ಬರೇ ಹೊಣೆ ಹೊತ್ತು ನಿಶ್ಶರ್ತ ಕ್ಷಮೆ ಬೇಡಿದರು. ಒಂದು ಕಡೆ ಆಂಗ್ಲ ಪತ್ರಿಕೆಗಳ ಹೀಯಾಳಿಕೆ, ಮತ್ತೊಂದು ಕಡೆ ತಲೆ ತಗ್ಗಿಸಿದನೆಂದು ಸ್ವಜನರ ತಿರಸ್ಕಾರ. ಮಾರನೆಯ ವರ್ಷ ಅದೇ ಪುಣೆಯಲ್ಲಿ ಪ್ಲೇಗಿನ ಪರಿಹಾರ ಕಾರ್ಯಕ್ಕೆ ಇಳಿದು ಓಣಿ ಓಣಿ ತಿರುಗಿದರು.

ಚರಿತ್ರಕಾರರು ಈ ಪ್ರಸಂಗದಲ್ಲಿ ಅವರ ಸತ್ಯನಿಷ್ಠೆಯನ್ನು ಕಾಣುತ್ತಾರೆ. ಅದು ದಿಟವೇ. ನನಗೆ ಇನ್ನೊಂದೂ ಕಾಣುತ್ತದೆ. ಅಂದಿನಿಂದ ಬೇರೆಯವರು ತಂದುಕೊಟ್ಟ ಸಂಗತಿಯನ್ನು ತಾವೇ ಪರೀಕ್ಷಿಸದೆ ಬಳಸುವುದು ಅವರಿಗೆ ಅಸಾಧ್ಯವಾಗಿರಬೇಕು. 1902ರ ಮಾರ್ಚ್ 26ರಂದು ವೈಸರಾಯರ ಶಾಸನ ಸಭೆಯಲ್ಲಿ ಅವರು ಮಾಡಿದ ಮೊದಲ ಆಯವ್ಯಯ ಭಾಷಣ ಪ್ರಸಿದ್ಧವಾಗಿದೆ. ಸರ್ಕಾರದ ಬೊಕ್ಕಸದಲ್ಲಿ ಹಣ ಮಿಗುತ್ತಿರುವಾಗ ಬಡವನ ಉಪ್ಪಿನ ಮೇಲೆ ಅಷ್ಟು ತೆರಿಗೆಯೇಕೆಂದು ಅಂಕಿ ಅಂಶಗಳ ಸಮೇತ ಅವರು ಕೇಳಿದರು. ಮುಂದೆ ಉಪ್ಪಿನ ಸುಂಕ ಮಣಕ್ಕೆ ಎರಡೂವರೆ ರೂಪಾಯಿಯಿಂದ ಹಂತಹಂತವಾಗಿ 1907ರ ವೇಳೆಗೆ ಒಂದು ರೂಪಾಯಿಗೆ ಇಳಿಯಿತು. ಆ ಅಂಕಿಗಳ ಹಿಂದೆ ಸಹಾಯಕರ ಪಡೆಯಿರಲಿಲ್ಲ. ಸರ್ಕಾರದ ವರದಿಗಳನ್ನು ರಾತ್ರಿಯೆಲ್ಲ ತಿರುವಿಹಾಕುವ ಒಬ್ಬ ಮನುಷ್ಯನಿದ್ದ. ಒಮ್ಮೆ ಇನ್ನೊಬ್ಬರ ಮಾತಿನಿಂದ ಸುಟ್ಟುಕೊಂಡವನು ಕೆಲಸ ಹಂಚುವುದನ್ನು ಕಲಿಯುವುದು ಬಹಳ ಕಷ್ಟ. ನಾಯಕನ ಆಯಾಸಕ್ಕೆ ಕೆಲಸದ ರಾಶಿಯೊಂದೇ ಕಾರಣವಲ್ಲ. ಅದನ್ನು ಇನ್ನೊಂದು ಕೈಗೆ ಕೊಡಲಾರದ ಮನಸ್ಸೂ ಕಾರಣ.

ಈ ಅವಧಿಯಲ್ಲಿ ಅವರನ್ನು ಹತ್ತಿರದಿಂದ ಕಂಡ ಒಬ್ಬರು ರೋಗವನ್ನು ಸರಿಯಾಗಿ ಗುರುತಿಸಿದ್ದರು. 1901ರ ಕಲ್ಕತ್ತೆಯ ಕಾಂಗ್ರೆಸ್ ಮುಗಿದ ಮೇಲೆ ಗಾಂಧೀಜಿಯವರು ಸುಮಾರು ಒಂದು ತಿಂಗಳು ಗೋಖಲೆಯವರ ಜೊತೆಯಲ್ಲಿದ್ದರು. ಆತಿಥೇಯರ ದಿನಚರಿಯಲ್ಲಿ ಒಂದು ಕ್ಷಣವೂ ವ್ಯರ್ಥವಾಗದಿರುವುದನ್ನು ಕಂಡು ಅವರು ಹಿಗ್ಗಿದರು. ಆದರೆ ಗೋಖಲೆಯವರು ವಾಯುಸಂಚಾರಕ್ಕೂ ಹೋಗುವುದಿಲ್ಲ, ಸದಾ ಒಂದಲ್ಲ ಒಂದು ಕಾಯಿಲೆಯಿಂದ ನರಳುತ್ತಾರೆ ಎಂಬುದೂ ಅವರ ಕಣ್ಣಿಗೆ ಬಿತ್ತು. ದೇಶಸೇವೆ ಮಾಡುವವನಿಗೆ ವ್ಯಾಯಾಮಕ್ಕೆ ಸಮಯವಿರಬಾರದೇ ಎಂದು ಅವರು ಕೇಳಿಯೂ ಕೇಳಿದರು. ತಿರುಗಾಡಲು ತಮಗೆ ಬಿಡುವೆಲ್ಲಿದೆಯೆಂದು ಗೋಖಲೆಯವರು ಮರುಪ್ರಶ್ನೆ ಹಾಕಿದರು. ಕಿರಿಯರಾದ ಗಾಂಧೀಜಿ ಗೌರವದಿಂದ ಸುಮ್ಮನಾದರು, ಒಪ್ಪಿದ್ದರಿಂದಲ್ಲ. ಆ ಮೌನವನ್ನು ನಾನು ಹಲವು ಸಲ ಯೋಚಿಸಿದ್ದೇನೆ. ಹಿರಿಯರ ದಣಿವನ್ನು ಕಿರಿಯರು ಕಾಣುತ್ತಾರೆ, ಆದರೆ ಹೇಳಲಾರರು. ಸಮಾನರು ಹೇಳಬಲ್ಲರು, ಆದರೆ ಗೋಖಲೆಯವರ ಸಮಾನರಲ್ಲಿ ಅನೇಕರು ಆಗ ಅವರ ಪ್ರತಿಪಕ್ಷದಲ್ಲಿದ್ದರು. ಮನೆಯಲ್ಲಿ ಹೇಳಬಲ್ಲವರೂ ಉಳಿದಿರಲಿಲ್ಲ. ಪತ್ನಿ ತೀರಿಕೊಂಡು ಇಬ್ಬರು ಹೆಣ್ಣುಮಕ್ಕಳ ಹೊಣೆಯೂ ಅವರ ಮೇಲೆಯೇ ಇತ್ತು.

ಇಷ್ಟಾದರೂ ಗೋಖಲೆಯವರಿಗೆ ಈ ಸಮಸ್ಯೆಯ ಅರಿವೇ ಇರಲಿಲ್ಲವೆಂದರೆ ತಪ್ಪಾದೀತು. 1905ರ ಜೂನ್ 12ರಂದು ಪುಣೆಯಲ್ಲಿ ಅವರು ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಬಿಡುವಿನ ವೇಳೆಯಲ್ಲಿ ಮಾಡುವ ದೇಶಸೇವೆ ಸಾಲದು, ಅದಕ್ಕೇ ಜೀವನವನ್ನು ಮೀಸಲಿಟ್ಟ ತರಬೇತಾದ ಜನ ಬೇಕು ಎಂಬುದು ಅದರ ಮೂಲ ವಿಚಾರ. ದ್ರಾವಿಡ, ಪಟವರ್ಧನ, ದೇವಧರ ಈ ಮೂವರು ಅವರೊಡನೆ ಮೊದಲು ಸೇರಿದವರು. ಹೊಸಬರಿಗೆ ಐದು ವರ್ಷಗಳ ಶಿಕ್ಷಣ, ಪುಸ್ತಕ ಭಂಡಾರದಲ್ಲಿ ಅಧ್ಯಯನ, ದೇಶಸಂಚಾರ. ಸಂಸಾರದ ಚಿಂತೆ ಕಾಡದಂತೆ ಮಿತವಾದ ವೇತನ. ಒಬ್ಬರ ಹೆಗಲಿನ ಭಾರವನ್ನು ಹತ್ತು ಹೆಗಲಿಗೆ ಹಂಚಲು ಇದಕ್ಕಿಂತ ಒಳ್ಳೆಯ ಏರ್ಪಾಡು ಆ ಕಾಲದಲ್ಲಿ ನಮ್ಮ ದೇಶದ ಸಾರ್ವಜನಿಕ ಜೀವನದಲ್ಲಿ ಇದ್ದಿತೆಂದು ನಾನು ತಿಳಿದಿಲ್ಲ. ಇತರರಿಗಾಗಿ ಅಷ್ಟು ಸೊಗಸಾದ ನಿಯಮಗಳನ್ನು ಬರೆದ ಕೈ ತನಗಾಗಿ ಒಂದನ್ನೂ ಬರೆದುಕೊಳ್ಳಲಿಲ್ಲ. ಸಮಾಜದ ಪ್ರಥಮ ಸದಸ್ಯರಾಗಿ ಅದರ ಆಡಳಿತವನ್ನು ಜೀವಮಾನಪರ್ಯಂತ ಅವರೇ ವಹಿಸಿದರು.

ಸ್ಥಾಪನೆಯಾಗಿ ಕೆಲವೇ ತಿಂಗಳಲ್ಲಿ ಅವರು ಇಂಗ್ಲೆಂಡಿನಲ್ಲಿದ್ದರು. ಸುಮಾರು ಐವತ್ತು ದಿನಗಳಲ್ಲಿ ನಲವತ್ತಕ್ಕೂ ಮಿಕ್ಕಿ ಸಭೆಗಳು. ಮರಳಿ ಬಂದೊಡನೆ ಡಿಸೆಂಬರಿನಲ್ಲಿ ಬನಾರಸ್ ಕಾಂಗ್ರೆಸ್ಸಿನ ಅಧ್ಯಕ್ಷತೆ. 1906ರಲ್ಲಿ ಮತ್ತೆ ಇಂಗ್ಲೆಂಡು. 1907ರಲ್ಲಿ ಉತ್ತರ ಭಾರತದ ಭಾಷಣ ಪ್ರವಾಸ, ಆ ವರ್ಷದ ಕೊನೆಗೆ ಸೂರತ್ತಿನ ಒಡಕು. 1908ರಲ್ಲಿ ಪುನಃ ಇಂಗ್ಲೆಂಡು. 1911ರ ಮಾರ್ಚ್ 16ರಂದು ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿ ವರ್ಷವಿಡೀ ಅದಕ್ಕಾಗಿ ಹೋರಾಡಿದರು. 1912ರ ಮಾರ್ಚ್ 19ರಂದು ಅದು 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಹುಡುಗ ಹುಡುಗಿಯರಿಗೆ ಕಡ್ಡಾಯ ಶಿಕ್ಷಣ ಬೇಕೆಂಬ ಆ ಸೋತ ಮಸೂದೆಗಾಗಿ ಉಪಾಧ್ಯಾಯ ವರ್ಗವೆಲ್ಲ ಅವರಿಗೆ ಋಣಿಯಾಗಿರಬೇಕು.

ಸೋಲಿನ ಆಯಾಸ ಆರುವ ಮೊದಲೇ, ಅದೇ ವರ್ಷ ಅಕ್ಟೋಬರಿನಲ್ಲಿ ಅವರು ದಕ್ಷಿಣ ಆಫ್ರಿಕಕ್ಕೆ ಹೋದರು. ಗಾಂಧೀಜಿಯವರ ಟಾಲ್‌ಸ್ಟಾಯ್ ಆಶ್ರಮಕ್ಕೆ ರೈಲು ನಿಲ್ದಾಣದಿಂದ ಒಂದೂವರೆ ಮೈಲಿ ನಡೆಯಬೇಕು. ಅಂದೇ ಮಳೆ ಬಂತು, ಅತಿಥಿಗೆ ಶೀತವಾಯಿತು. ಆಶ್ರಮವಾಸಿಗಳೆಲ್ಲ ನೆಲದ ಮೇಲೆ ಮಲಗುವವರು. ತಮಗೆಂದು ತರಿಸಿದ ಮಂಚವನ್ನು ಬೇಡವೆಂದು ಗೋಖಲೆಯವರೂ ನೆಲದ ಮೇಲೆಯೇ ಹಾಸಿಗೆ ಹಾಸಿಸಿಕೊಂಡರು. ತಮ್ಮ ಅಜಾಗರೂಕತೆಗಾಗಿ ಗಾಂಧೀಜಿ ಮರುಗಿದರು. ನವೆಂಬರಿನಲ್ಲಿ ಪ್ರಿಟೋರಿಯದಲ್ಲಿ ಬೋಥಾ ಮತ್ತು ಸ್ಮಟ್ಸ್ ಎಂಬ ಸಚಿವರನ್ನು ಕಂಡು, ಕರಾರು ಮುಗಿದ ಕೂಲಿಗಳ ಮೇಲಿನ ಮೂರು ಪೌಂಡಿನ ತಲೆಗಂದಾಯ ರದ್ದಾಗುವುದೆಂಬ ಭರವಸೆಯೊಡನೆ ಅವರು ಹಿಂದಿರುಗಿದರು. ಆ ಭರವಸೆ ಈಡೇರಲಿಲ್ಲ. 1913ರಲ್ಲಿ ಸತ್ಯಾಗ್ರಹ ಮತ್ತೆ ಹೊತ್ತಿಕೊಂಡಾಗ ಗೋಖಲೆಯವರು ಕಾಯಿಲೆಯಲ್ಲಿಯೇ ಎದ್ದು ನಿಧಿ ಕೂಡಿಸಿದರು, ತಂತಿಗಳನ್ನು ಕಳುಹಿಸಿದರು, ಆಂಡ್ರೂಸ್ ಮತ್ತು ಪಿಯರ್ಸನ್ನರನ್ನು ಆಫ್ರಿಕಕ್ಕೆ ಕಳುಹಿಸಿದರು. 1914ರಲ್ಲಿ ಆ ಕಂದಾಯ ರದ್ದಾಯಿತು. ಇದೆಲ್ಲ ನಡೆಯುವಾಗಲೇ ಇಸ್ಲಿಂಗ್ಟನ್ ಪ್ರಭುಗಳ ಸರ್ಕಾರಿ ನೌಕರಿ ಆಯೋಗದ ಸದಸ್ಯತ್ವವೂ ಅವರ ಮೇಲಿತ್ತು.

ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ಗೋಖಲೆಯವರಿಗೆ ಸಿಹಿಮೂತ್ರ ರೋಗವಿತ್ತು. ಆ ರೋಗಕ್ಕೆ ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ. ಅವರು ಹೋಗಿ ಆರು ವರ್ಷಗಳ ಮೇಲೆ. ದುಡಿಮೆಯೊಂದೇ ಅವರನ್ನು ಕೊಂದಿತೆನ್ನುವುದು ಅತಿಶಯೋಕ್ತಿ. ಆದರೆ ನಿದ್ರೆ, ನಡಿಗೆ, ನಿಯಮಿತ ಊಟ ಇವುಗಳ ಹೊರತು ಬೇರೆ ಮದ್ದೇ ಇಲ್ಲದ ಕಾಲದಲ್ಲಿ ಆ ಮೂರನ್ನೂ ಅವರು ಕಡೆಗಣಿಸಿದರು.

ಇಂದು ಈ ಬಗೆಯ ಬಸವಳಿಕೆಗೆ ಬರ್ನ್‌ಔಟ್ ಎಂಬ ಹೆಸರಿದೆ. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಇದನ್ನು ಗುರುತಿಸಿದ್ದು ಸಂಬಳದಾಸೆಯ ನೌಕರರಲ್ಲಲ್ಲ, ಉಚಿತ ಚಿಕಿತ್ಸಾಲಯಗಳಲ್ಲಿ ಸೇವಾಭಾವದಿಂದ ದುಡಿಯುತ್ತಿದ್ದವರಲ್ಲಿ ಎಂಬುದು ಗಮನಾರ್ಹ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ರೋಗವೆನ್ನದೆ ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ವಿವರಿಸಿ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿಯೆಲ್ಲ ಸೋರಿಹೋದಂಥ ಆಯಾಸ, ಕೆಲಸದ ಬಗ್ಗೆ ಬೇಸರ ಅಥವಾ ತಾತ್ಸಾರ, ಕುಗ್ಗಿದ ಕಾರ್ಯದಕ್ಷತೆ. ಗೋಖಲೆಯವರ ಬಾಳಿನಲ್ಲಿ ನನಗೆ ಕಾಣುವುದು ಮೊದಲನೆಯದು ಮಾತ್ರ. ತಾತ್ಸಾರ ಅವರ ಬಳಿ ಸುಳಿಯಲಿಲ್ಲ. ದಕ್ಷತೆ ಕೊನೆಯ ವಾರದವರೆಗೂ ಕುಂದಲಿಲ್ಲ. ಅವರ ದಣಿವನ್ನು ಯಾರೂ ದಣಿವೆಂದು ಎಣಿಸದಿದ್ದುದಕ್ಕೆ ಇದೇ ಕಾರಣವಿರಬೇಕು. ಭಾಷಣ ಚೆನ್ನಾಗಿರುವವರೆಗೆ ಭಾಷಣಕಾರನ ನಾಡಿಯನ್ನು ಹಿಡಿದು ನೋಡುವವರಾರು?

ಅವರನ್ನು ಪುಣೆಯಲ್ಲಿ ಬಲ್ಲವರಾಗಿದ್ದ ನಮ್ಮ ವಿಶ್ವೇಶ್ವರಯ್ಯನವರ ಉದಾಹರಣೆ ಇಲ್ಲಿ ನೆನಪಾಗುತ್ತದೆ. ಗೋಖಲೆಯವರಿಗಿಂತ ಆರು ವರ್ಷ ಹಿರಿಯರು. ಮುಂಬಯಿ ಸರ್ಕಾರದ ಇಂಜಿನಿಯರಾಗಿದ್ದವರು. ದುಡಿಮೆಯಲ್ಲಿ ಅವರೇನೂ ಕಡಿಮೆಯಲ್ಲ. ಆದರೆ 1898ರಲ್ಲಿ ಜಪಾನಿಗೆ, 1908ರಲ್ಲಿ ಯೂರೋಪು ಅಮೆರಿಕಗಳಿಗೆ ಅವರು ನೋಡಿ ಕಲಿಯಲೆಂದೇ ಹೋದರು. ಮುಂಬಯಿಯ ನೌಕರಿಯಿಂದ ತಾವಾಗಿಯೇ ನಿವೃತ್ತರಾದರು. 1918ರಲ್ಲಿ ಮೈಸೂರಿನ ದಿವಾನಗಿರಿಯನ್ನೂ ಬಿಟ್ಟು ಎದ್ದರು. ಬಾಳಿದ್ದು 101 ವರ್ಷ. ಆಯುಸ್ಸು ದೈವದತ್ತವೆನ್ನುವವರು ಹಾಗೆಯೇ ಎನ್ನಲಿ. ಕುರ್ಚಿಯಿಂದ ಏಳುವ ಕಲೆ ಮಾತ್ರ ಮನುಷ್ಯರು ಕಲಿಯಬಹುದಾದದ್ದು. ಬಿರುದಿನ ವಿಷಯದಲ್ಲಿ ಗೋಖಲೆಯವರಿಗೂ ನಿರಾಕರಿಸುವ ಶಕ್ತಿಯಿತ್ತು: 1914ರಲ್ಲಿ ಸರ್ಕಾರ ಕೊಡಹೋದ ಸರ್ ಪದವಿಯನ್ನು ಬೇಡವೆಂದರು. ಮಾನವನ್ನು ಬೇಡವೆಂದವರಿಗೆ ಕೆಲಸವನ್ನು ಬೇಡವೆನ್ನಲಾಗಲಿಲ್ಲ.

ಅದೇ ವರ್ಷ ಅವರು ಚಿಕಿತ್ಸೆಗಾಗಿ ಫ್ರಾನ್ಸಿನ ವಿಶಿ ಎಂಬಲ್ಲಿಗೆ ಹೋಗಿದ್ದರು. ಆಗಸ್ಟಿನಲ್ಲಿ ಯುದ್ಧ ಸಿಡಿದು ಪ್ಯಾರಿಸಿನಲ್ಲಿ ಸಿಕ್ಕಿಬಿದ್ದರು. ಹೇಗೋ ಲಂಡನ್ನಿಗೆ ಬಂದು, ಅಲ್ಲಿಯ ಚಳಿಯನ್ನು ತಡೆಯಲಾರದೆ ಊರಿಗೆ ಮರಳಿದರು. ಊರಿನಲ್ಲಿ ಕಾಂಗ್ರೆಸ್ಸಿನ ಎರಡು ಪಕ್ಷಗಳನ್ನು ಕೂಡಿಸುವ ಮಾತುಕತೆ ನಡೆದು, ಮುರಿದು, ಕಹಿಯಾಯಿತು. 1915ರ ಫೆಬ್ರವರಿಯಲ್ಲಿ ಗಾಂಧೀಜಿಯವರು ಪುಣೆಗೆ ಬಂದರು. ಸೇವಕ ಸಮಾಜದ ಅಂಗಳದಲ್ಲಿ ಕಡಲೆಕಾಯಿ, ಖರ್ಜೂರ, ಹಣ್ಣುಗಳ ಒಂದು ಸರಳ ಕೂಟ. ಗೋಖಲೆಯವರ ಕೋಣೆಯಿಂದ ಆ ಜಾಗ ಕೆಲವೇ ಹೆಜ್ಜೆ. ಬಾರದಿರಬಹುದಾಗಿತ್ತು, ಬಂದೇ ತೀರುವೆನೆಂದು ಬಂದರು. ಬಂದವರು ಮೂರ್ಛೆ ಹೋದರು, ಅವರನ್ನು ಎತ್ತಿಕೊಂಡು ಒಳಗೆ ಹೋಗಬೇಕಾಯಿತು. ಎಚ್ಚರವಾದಾಗ ಅವರು ಹೊರಗೆ ಕಳುಹಿಸಿದ ಸುದ್ದಿ, ಕೂಟ ನಿಲ್ಲಬಾರದು, ನಡೆಯಲಿ ಎಂಬುದು.

ಅದೇ ದಿನಗಳಲ್ಲಿ ಮುಂಬಯಿಯ ಗವರ್ನರಾಗಿದ್ದ ವಿಲಿಂಗ್ಡನ್ ಪ್ರಭುಗಳು ರಾಜ್ಯಾಡಳಿತ ಸುಧಾರಣೆಯ ಒಂದು ಕರಡನ್ನು ಬರೆದುಕೊಡುವಂತೆ ಕೇಳಿದ್ದರು. ಹಾಸಿಗೆಯಲ್ಲಿ ಸೀಸದಕಡ್ಡಿ ಹಿಡಿದು ಗೋಖಲೆಯವರು ಅದನ್ನೂ ಬರೆದು ಮುಗಿಸಿದರು. 19ರಂದು ರಾತ್ರಿ ಪ್ರಾಣ ಹೋಯಿತು. ಶಾಂತಿನಿಕೇತನದಲ್ಲಿದ್ದ ಗಾಂಧೀಜಿಯವರಿಗೆ ತಂತಿ ಮುಟ್ಟಿತು. ಬಾಳಿನುದ್ದಕ್ಕೂ ಎದುರು ಪಕ್ಷದಲ್ಲಿದ್ದ ತಿಲಕರು ಸ್ಮಶಾನದಲ್ಲಿ ನಿಂತು ಅವರ ಗುಣಗಾನ ಮಾಡಿದರು. ಆ ಕರಡನ್ನು 1917ರಲ್ಲಿ ಆಗಾ ಖಾನರು ಪ್ರಕಟಿಸಿದರು.

ಭಾರತ ಸೇವಕ ಸಮಾಜದ ಅಧ್ಯಕ್ಷತೆ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳಿಗೆ ಬಂದಿತು. ಹನ್ನೆರಡು ವರ್ಷ ಅದನ್ನು ನಡೆಸಿದ ಶಾಸ್ತ್ರಿಗಳು, 1927ರಲ್ಲಿ ಭಾರತದ ಪ್ರತಿನಿಧಿಯಾಗಿ ದಕ್ಷಿಣ ಆಫ್ರಿಕಕ್ಕೆ ಹೊರಟಾಗ, ಆ ಪೀಠವನ್ನು ದೇವಧರರಿಗೆ ಒಪ್ಪಿಸಿ ಹೋದರು. ಅವರು ಅನಂತರವೂ ಹತ್ತೊಂಬತ್ತು ವರ್ಷ ಬದುಕಿದ್ದರು.